ಚಿತ್ರದಲ್ಲಿ ಕುರಿ ಕಾಯುವವನೇ ಇಲ್ಲ

ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ಪತ್ರಿಕೆಯ ಕೊನೆಯ ಪುಟದಲ್ಲಿ ಒಂದು ಬಣ್ಣದ ಚಿತ್ರ ಹಾಕಿದ್ದಿರಿ. ಹೊಳೆಯೊಳಗೆ ಕುರಿಗಳು, ತಲೆ ಮಾತ್ರ ನೀರಿನ ಮೇಲೆ, ಬೆನ್ನಿಗೆ ಕೆಂಪು ಬಣ್ಣ. ಕೆಳಗೆ ‘ಟರ್ಕಿಯಲ್ಲಿ ಕುರಿಗಳ ಈಜು ಸ್ಪರ್ಧೆ’ ಅಂತ ಒಂದೇ ಸಾಲು. ಬುಧವಾರ ಅದರ ಬಗ್ಗೆ ಓದುಗರೊಬ್ಬರ ಪತ್ರವೂ ಬಂತು. ಜನರ ಮೋಜಿಗಾಗಿ ಮೂಕ ಪ್ರಾಣಿಗಳನ್ನು ನೀರಿಗೆ ತಳ್ಳುತ್ತಾರೆ, ಇಂಥದ್ದನ್ನು ನಿಲ್ಲಿಸಬೇಕು ಅಂತ ಬರೆದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಚಿತ್ರ, ಆ ಸಾಲು ಎರಡನ್ನೇ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಆದರೆ ಎರಡು ವರ್ಷದ ಹಿಂದೆ ಆ ಹೊಳೆಯ ದಂಡೆಯ ಮೇಲೆ ನಾನು ನಿಂತಿದ್ದೆ. ಜೊತೆಗೆ ನಾನು ಕುರಿ ಕಾಯುವವರ ಮಗಳು. ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಹುಟ್ಟಿ, ಶಾಲೆಗೆ ಸೇರುವವರೆಗೂ ಅಪ್ಪನ ಹಿಂದೆ ಮಂದೆಯ ಜೊತೆ ತಿರುಗಿದವಳು. ಆಮೇಲೆ ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತಳಾದೆ. ಸುಮ್ನೆ ಕೂರಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನನ್ನ ಮಗಳು ಟರ್ಕಿಯ ಇಜ್ಮೀರ್ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಆ ಆಗಸ್ಟ್‌ನಲ್ಲಿ ನನ್ನನ್ನೂ ನನ್ನ ಯಜಮಾನರನ್ನೂ ಕರೆಸಿಕೊಂಡಿದ್ದಳು. ಎಲ್ಲರ ಹಾಗೆ ನಾವೂ ಪಾಮುಕ್ಕಲೆ ನೋಡಲು ದೆನಿಜ್ಲಿಗೆ ಹೋದೆವು. ಬೆಟ್ಟದ ಮೇಲಿಂದ ಬಿಸಿನೀರು ಇಳಿದು ಇಳಿದು ಬಿಳಿ ಸುಣ್ಣ ಕಟ್ಟಿದ ಜಾಗ ಅದು. ಚೆನ್ನಾಗಿದೆ. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ನಾವು ಇಳಿದುಕೊಂಡಿದ್ದ ಮನೆಯವರು ಹೇಳಿದರು: ನಾಳೆ ಚಾಲ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕುರಿ ಕಾಯುವವರ ಹಬ್ಬ ಇದೆ, ಕುರಿಗಳನ್ನು ಹೊಳೆ ದಾಟಿಸುತ್ತಾರೆ ಅಂತ. ನನ್ನ ಕಿವಿ ನೆಟ್ಟಗಾಯಿತು. ಮಗಳಿಗೆ ‘ಹೋಗೋಣ ಕಣೇ’ ಅಂದೆ. ಯಜಮಾನರು ಮಂಡಿ ನೋವು ಅಂತ ರೂಮಿನಲ್ಲೇ ಉಳಿದರು.

ಊರಿನ ಹೆಸರು ಅಶಾಗಿಸೆಯಿತ್. ಕೆಳಗಿನ ಸೆಯಿತ್ ಅಂತ ಅರ್ಥವಂತೆ. ಬರೆಯುವಾಗ ನಡುವೆ ‘ಗ’ ಇದೆ, ಆಡುವಾಗ ಅದು ಕೇಳಿಸುವುದೇ ಇಲ್ಲ. ದಾರಿಯುದ್ದಕ್ಕೂ ದ್ರಾಕ್ಷಿ ತೋಟ. ಚಾಲ್ ಕಡೆ ದ್ರಾಕ್ಷಿಗೆ ಹೆಸರು. ಹೊಳೆ ಬ್ಯೂಯುಕ್ ಮೆಂದೆರೆಸ್. ಹಾವಿನ ಹಾಗೆ ಬಳುಕಿ ಬಳುಕಿ ಹೋಗಿ ಏಜಿಯನ್ ಸಮುದ್ರ ಸೇರುತ್ತದೆ. ಹೊಳೆ ಬಳುಕುವುದಕ್ಕೆ ಇಂಗ್ಲಿಷಿನಲ್ಲಿ ‘ಮಿಯಾಂಡರ್’ ಅನ್ನುತ್ತಾರಲ್ಲ, ಆ ಪದ ಹುಟ್ಟಿದ್ದು ಇದೇ ಹೊಳೆಯ ಹಳೆಯ ಹೆಸರಿನಿಂದ. ಮಕ್ಕಳಿಗೆ ಭೂಗೋಳ ಹೇಳಿಕೊಟ್ಟಿದ್ದೆ. ಆ ಹೊಳೆಯನ್ನು ಕಣ್ಣಾರೆ ಕಂಡದ್ದು ಅವತ್ತೇ.

ಈ ಹಬ್ಬಕ್ಕೆ ಎಂಟು ನೂರು ವರ್ಷ ಅಂತ ಊರವರು ಹೇಳುತ್ತಾರೆ. ಮೊದಲು ಇದು ಅಲೆಮಾರಿ ಯೊರುಕ್ ಜನರ ಪದ್ಧತಿ. ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ಬೆಟ್ಟದ ಹುಲ್ಲಿಗೆ ಏರುವುದು, ಚಳಿ ಬರುವ ಹೊತ್ತಿಗೆ ಕೆಳಗೆ ಇಳಿಯುವುದು, ಆಡಿನ ಕೂದಲಿನಲ್ಲಿ ನೇಯ್ದ ಕಪ್ಪು ಡೇರೆಯಲ್ಲಿ ಇರುವುದು ಅವರ ಬದುಕು. ಹೀಗೆ ತಿರುಗುವವರಿಗೆ ದಾರಿಯಲ್ಲಿ ಹೊಳೆ ಸಿಕ್ಕೇ ಸಿಗುತ್ತದೆ. ಸೇತುವೆ ಇರಲಿಲ್ಲ. ದಾಟಲೇಬೇಕು. ದಾಟುವಾಗ ಕುರಿ ಮೈಯ ಧೂಳು, ಕೊಳೆ ತೊಳೆದುಹೋಗುವುದು ಬೇರೆ. ಹಬ್ಬ ಆದದ್ದು ಆಮೇಲೆ.

ಈಗ ನೋಡಿದ್ದನ್ನು ಹೇಳುತ್ತೇನೆ.

ಸುತ್ತಲ ಹಳ್ಳಿಗಳಿಂದ ಮಂದೆಗಳು ಬಂದಿದ್ದವು. ಕುರಿಗಳ ಬೆನ್ನಿಗೆ ಕೆಮ್ಮಣ್ಣು ಬಳಿದಿದ್ದರು. ಕೆಲವು ಟಗರುಗಳ ಕೊರಳಿಗೆ ಗಂಟೆ, ಮಣಿಸರ, ಕೊಂಬಿಗೆ ಬಣ್ಣದ ಕರವಸ್ತ್ರ. ಆ ಕುರಿಗಳ ಬಾಲ ನೋಡಿ ನನಗೆ ಆಶ್ಚರ್ಯ. ನಮ್ಮ ಕುರಿಗೆ ಬಾಲ ಬೆರಳಿನಷ್ಟು. ಅಲ್ಲಿ ಎಷ್ಟೋ ಕುರಿಗಳ ಬಾಲದಲ್ಲಿ ಕೊಬ್ಬು ತುಂಬಿ, ಹಿಂದೆ ಒಂದು ದಪ್ಪ ದಿಂಬು ಕಟ್ಟಿದ ಹಾಗೆ. ಒಂಟೆಗೆ ಡುಬ್ಬ ಇದ್ದ ಹಾಗೆ ಅವಕ್ಕೆ ಬಾಲ. ಮೇವು ಸಿಗದ ಕಾಲದಲ್ಲಿ ಅದನ್ನೇ ಕರಗಿಸಿಕೊಂಡು ಬದುಕುತ್ತವೆ.

ಪ್ರತಿ ಮಂದೆಗೂ ಮುಂದೆ ನಡೆಯುವ ಒಂದು ಟಗರು ಇರುತ್ತದೆ. ಟರ್ಕಿಯವರು ಅದಕ್ಕೆ ಕೊಸೆಮೆನ್ ಅನ್ನುತ್ತಾರೆ. ಅದನ್ನು ಮರಿಯಾಗಿದ್ದಾಗಲೇ ಕುರಿ ಕಾಯುವವನು ಆರಿಸಿಕೊಂಡು, ಕೈಯಲ್ಲಿ ತಿನ್ನಿಸಿ, ತನ್ನ ದನಿಗೆ ಒಗ್ಗಿಸಿಕೊಂಡು ಸಾಕಿರುತ್ತಾನೆ.

ಸರದಿ ಬಂದಾಗ ಕುರಿ ಕಾಯುವವನು ದಂಡೆಯ ಮೇಲಿಂದ ಓಡಿ ಬರುತ್ತಾನೆ. ಬಟ್ಟೆ ಸಮೇತ ಹೊಳೆಗೆ ಹಾರುತ್ತಾನೆ. ಮೊದಲು ಅವನು. ಇದನ್ನು ದಯವಿಟ್ಟು ಗಮನಿಸಿ. ಅವನು ಯಾವ ಕುರಿಯನ್ನೂ ತಳ್ಳುವುದಿಲ್ಲ, ಬೆನ್ನು ಮಾಡಿಕೊಂಡು ಈಜುತ್ತಾ ಹೋಗುತ್ತಾನೆ. ಹಿಂದೆ ಮುಂದಾಳು ಟಗರು ದಂಡೆಯ ತುದಿಗೆ ಬಂದು ಒಂದು ಕ್ಷಣ ನಿಲ್ಲುತ್ತದೆ. ಕುರಿಗೆ ನೀರೆಂದರೆ ಆಗದು, ನಮಗೆಲ್ಲ ಗೊತ್ತಿರುವುದೇ. ಮಳೆಗೇ ಮುದುಡಿ ನಿಲ್ಲುವ ಪ್ರಾಣಿ ಅದು. ಆ ಟಗರು ನೀರು ನೋಡುತ್ತದೆ, ತನ್ನವನನ್ನು ನೋಡುತ್ತದೆ, ಹಾರುತ್ತದೆ. ಅದು ಹಾರಿದ ಮೇಲೆ ಉಳಿದವು ಒಂದರ ಹಿಂದೆ ಒಂದು, ಮೂಟೆ ಉರುಳಿದ ಹಾಗೆ ಧುಮುಕುತ್ತವೆ. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಹೊಳೆಯ ನಡುವೆ ಅವಕ್ಕೆ ನೆಲ ಸಿಗುವುದಿಲ್ಲ. ಮೂಗು ಎತ್ತಿ ಈಜುತ್ತವೆ. ಕೆಮ್ಮಣ್ಣು ಕರಗಿ ನೀರು ಕೆಂಪಾಗುತ್ತದೆ. ಆ ಕಡೆ ದಂಡೆ ಹತ್ತಿ ಮೈ ಕೊಡವಿ, ಎಲ್ಲಾ ಅವನ ಸುತ್ತ ನಿಲ್ಲುತ್ತವೆ.

ಬಹುಮಾನ ಇದೆ, ನಿಜ. ತೀರ್ಪು ಕೊಡುವವರು ಕೂತಿರುತ್ತಾರೆ. ಆದರೆ ಅಲ್ಲಿ ಜನ ಕಣ್ಣಿಟ್ಟು ನೋಡುವುದು ಕುರಿಯ ಈಜನ್ನಲ್ಲ. ಕರೆದವನ ಹಿಂದೆ ಮಂದೆ ಬಂತಾ ಇಲ್ಲವಾ, ಅದನ್ನು. ‘ಈಜು ಸ್ಪರ್ಧೆ’ ಅನ್ನುವ ಮಾತು ಇದಕ್ಕೇ ನನಗೆ ಚುಚ್ಚಿತು.

ಒಬ್ಬ ಹುಡುಗನ ಮಂದೆ ಬರಲಿಲ್ಲ. ಇಪ್ಪತ್ತು ವರ್ಷ ಇರಬಹುದು ಅವನಿಗೆ. ನೀರಿನಲ್ಲಿ ನಿಂತು ಎಷ್ಟು ಕೂಗಿದರೂ ಟಗರು ದಂಡೆ ಬಿಟ್ಟು ಕದಲಲಿಲ್ಲ. ಹುಡುಗ ಮೇಲೆ ಬಂದ, ಮೈಯೆಲ್ಲ ನೀರು ಸುರಿಯುತ್ತಿತ್ತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ, ಈಗ ಹೊಡೆಯುತ್ತಾನಾ ಅಂತ. ಹೊಡೆಯಲಿಲ್ಲ. ಟಗರಿನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಮತ್ತೆ ಇಳಿದ. ಈ ಸಲವೂ ಅದು ಬರಲಿಲ್ಲ. ಅವನು ಮಂದೆ ತಿರುಗಿಸಿಕೊಂಡು ಹೋದ. ನೆರೆದ ಜನರಲ್ಲಿ ಯಾರೂ ನಗಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ನನ್ನ ಮಗಳಿಗೆ ಏನೋ ಹೇಳಿದರು. ‘ಈ ವರ್ಷವಷ್ಟೇ ಅಪ್ಪನಿಂದ ಮಂದೆ ವಹಿಸಿಕೊಂಡಿದ್ದಾನಂತೆ, ಟಗರು ಇನ್ನೂ ಅಪ್ಪನದೇ ಅಂತೆ’ ಅಂತ ಅವಳು ನನಗೆ ಹೇಳಿದಳು.

ಬುಧವಾರದ ಪತ್ರ ಬರೆದವರ ಚಿಂತೆಗೂ ಉತ್ತರ ಕೊಡಬೇಕು. ತುಪ್ಪಟ ತುಂಬಿದ ಕುರಿಯನ್ನು ಆಳದ ನೀರಿಗೆ ಇಳಿಸಿದರೆ ಅಪಾಯ. ಉಣ್ಣೆ ನೀರು ಕುಡಿದು ಭಾರವಾಗಿ ಕುರಿ ಮುಳುಗಬಹುದು. ಅಲ್ಲಿ ಉಣ್ಣೆ ಕತ್ತರಿಸುವುದು ವಸಂತದ ಕೊನೆಗೆ. ಆಗಸ್ಟ್ ಹೊತ್ತಿಗೆ ಮೈಮೇಲೆ ಗಿಡ್ಡ ಉಣ್ಣೆ ಇರುತ್ತದೆ, ಈಜಬಲ್ಲವು. ಬಿಸಿಲೂ ಜೋರು, ಬೇಗ ಒಣಗುತ್ತವೆ. ಕುರಿ ಸಾಕುವವರು ಇದನ್ನೆಲ್ಲ ಯೋಚಿಸದೆ ಇರುತ್ತಾರಾ? ಒಂದು ಕುರಿ ಹೋದರೆ ಅವರ ಮನೆಯ ಲೆಕ್ಕವೇ ತಪ್ಪುತ್ತದೆ. ನನಗೆ ಅಲ್ಲಿ ಹಿಡಿಸದೇ ಇದ್ದದ್ದು ಮೈಕಿನ ಅಬ್ಬರ. ಎರಡು ದಂಡೆಯಲ್ಲೂ ಜನ, ನಡುವೆ ಕಿವಿ ಒಡೆಯುವ ಹಾಗೆ ಕೂಗು. ಆ ಹುಡುಗನ ಟಗರಿಗೆ ಅವನ ದನಿ ಕೇಳಿಸಿತೋ ಇಲ್ಲವೋ ಅಂತ ನನಗೆ ಈಗಲೂ ಅನುಮಾನ ಇದೆ. ಅದನ್ನು ಕಡಿಮೆ ಮಾಡಿ ಅಂತ ಯಾರಾದರೂ ಕೇಳಿದರೆ ನನ್ನದೂ ಸಹಿ ಇರುತ್ತದೆ.

ಕುರಿ ಮುಂದಿನದನ್ನು ನಂಬಿ ಹೋಗುವ ಪ್ರಾಣಿ. ಆ ನಂಬಿಕೆ ಎಷ್ಟು ದೊಡ್ಡದು ಅನ್ನುವುದಕ್ಕೆ ಅದೇ ದೇಶದ ಇನ್ನೊಂದು ಘಟನೆ ಇದೆ. 2005ರ ಜುಲೈನಲ್ಲಿ ಪೂರ್ವದ ವಾನ್ ಪ್ರಾಂತ್ಯದ ಗೆವಾಶ್‌ನಲ್ಲಿ ಒಂದು ಕುರಿ ಬೆಟ್ಟದ ಅಂಚಿನಿಂದ ಕೆಳಗೆ ಹಾರಿತು. ಕಾಯುವವರು ಬೆಳಗಿನ ತಿಂಡಿಗೆ ಕೂತಿದ್ದರು. ಅದರ ಹಿಂದೆ ಸುಮಾರು 1,500 ಕುರಿ ಹಾರಿದವು. 400ಕ್ಕೂ ಹೆಚ್ಚು ಸತ್ತವು. ಉಳಿದವು ಬದುಕಿದ್ದು ಮೊದಲು ಬಿದ್ದವುಗಳ ಮೇಲೆ ಬಿದ್ದದ್ದರಿಂದ. ಆಗ ಎಷ್ಟೋ ಜನ ಇದನ್ನು ನಗೆಯ ಸುದ್ದಿ ಮಾಡಿಕೊಂಡರು. ನನಗೆ ನಗು ಬರಲಿಲ್ಲ. ಒಂದು ಮಂದೆ ಹೋದರೆ ಎಷ್ಟು ಮನೆಯ ಒಲೆ ಆರುತ್ತದೆ ಅಂತ ನಾನು ಬಲ್ಲೆ.

ಅಂಥ ಪ್ರಾಣಿಯ ಮುಂದೆ ಯಾರು ಹೋಗಬೇಕು ಅನ್ನುವುದೇ ಅಶಾಗಿಸೆಯಿತ್‌ನಲ್ಲಿ ನಾನು ಕಂಡದ್ದು. ಕಾಯುವವನು ಹೋಗಬೇಕು. ನೀರು ಎಷ್ಟು ಆಳ, ಸೆಳೆತ ಎಲ್ಲಿ, ಕೆಸರು ಎಲ್ಲಿ ಅಂತ ಮೊದಲು ಅವನ ಮೈಗೆ ಗೊತ್ತಾಗಬೇಕು.

ನಮ್ಮ ಅಪ್ಪನೂ ಹಾಗೇ ಮಾಡುತ್ತಿದ್ದರು. ಮಳೆಗಾಲದಲ್ಲಿ ವೇದಾವತಿ ಹರಿಯುತ್ತಿದ್ದ ಕಾಲ ಅದು. ಜಾಸ್ತಿ ಆಳ ಏನಲ್ಲ, ಮೊಣಕಾಲಿನಿಂದ ಸೊಂಟದವರೆಗೆ. ಆದರೂ ಕುರಿ ಇಳಿಯುತ್ತಿರಲಿಲ್ಲ. ಅಪ್ಪ ಮೊದಲು ಒಬ್ಬರೇ ಕೋಲೂರಿಕೊಂಡು ಆಚೆ ಹೋಗಿ ವಾಪಸ್ ಬರುತ್ತಿದ್ದರು. ಆಮೇಲೆ ಒಂದು ಎಳೆ ಮರಿಯನ್ನು ಎದೆಗೆ ಅವಚಿಕೊಂಡು ನೀರಿಗೆ ಇಳಿಯುತ್ತಿದ್ದರು. ಮರಿ ಕೂಗುತ್ತಿತ್ತು, ತಾಯಿ ಹಿಂದೆ ಇಳಿಯುತ್ತಿತ್ತು, ತಾಯಿಯ ಹಿಂದೆ ಮಂದೆ. ನಾನು ಕೊನೆಯಲ್ಲಿ, ಅವರ ಕಂಬಳಿಯನ್ನು ತಲೆಯ ಮೇಲೆ ಹೊತ್ತು. ಅದು ನೆನೆಯಬಾರದು, ರಾತ್ರಿಗೆ ಬೇಕು. ದೂರದ ಟರ್ಕಿಯಲ್ಲಿ ಆ ಟಗರು ನೀರಿಗೆ ಹಾರಿದಾಗ ನನಗೆ ಅಳು ಬಂತು. ಮಗಳಿಗೆ ಯಾಕೆ ಅಂತ ಆಗ ಹೇಳಲಿಲ್ಲ. ಈಗ ಈ ಪತ್ರ ಓದಿದರೆ ಗೊತ್ತಾಗುತ್ತದೆ.

ಕಂಬಳಿ ಅಂದ ಕೂಡಲೇ ನೆನಪಾಯಿತು. ಅಲ್ಲಿಯ ಹಳಬರು ಕೆಪೆನೆಕ್ ಅನ್ನುವ ಒಂದು ನಿಲುವಂಗಿ ಹಾಕುತ್ತಾರೆ. ತೋಳಿಲ್ಲ. ನೇಯ್ದದ್ದಲ್ಲ. ಉಣ್ಣೆಯನ್ನು ಹರಡಿ, ಒದ್ದೆ ಮಾಡಿ, ಸುತ್ತಿ, ತುಳಿದು ತುಳಿದು ಗಟ್ಟಿ ಮಾಡಿದ ದಪ್ಪ ಹಾಳೆ. ನೆಲದ ಮೇಲೆ ಇಟ್ಟರೆ ಆಳಿಲ್ಲದೆಯೂ ನಿಲ್ಲುವಷ್ಟು ಬಿಗಿ. ಒಂದನ್ನು ಮುಟ್ಟಿ ನೋಡಿದೆ. ನಮ್ಮ ಅವ್ವ ನೂತ ನೂಲಿಗೆ, ಹುಣಸೆಬೀಜದ ಸರಿ ಹಚ್ಚಿ ನೇಯ್ದ ಕಂಬಳಿಗೆ ಇರುತ್ತಿದ್ದ ಅದೇ ವಾಸನೆ. ನಮ್ಮವರು ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡರೆ ಅವರು ಕೆಪೆನೆಕ್‌ನೊಳಗೆ ನುಗ್ಗಿ ಕೂರುತ್ತಾರೆ. ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ.

ಈ ಹೊಳೆ ದಾಟಿಸುವ ಹಬ್ಬ ಬರುವುದು ವರ್ಷಕ್ಕೊಮ್ಮೆ. ಆದರೆ ಟರ್ಕಿಯ ಕುರಿ ಕಾಯುವವರಿಗೆ ವರ್ಷವೇ ಹಬ್ಬಗಳಲ್ಲಿ ಹಂಚಿಹೋಗಿದೆ ಅಂತ ನನಗೆ ತಿಳಿದದ್ದು ಮಗಳ ಜೊತೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿಂದ. ಅವಳು ಸಿವಾಸ್ ಕಡೆಯವಳು, ಅವಳ ಅಜ್ಜ ಮಂದೆ ಇಟ್ಟವರು. ನಾನು ಹೊಳೆಯ ಕಥೆ ಹೇಳುತ್ತಿದ್ದ ಹಾಗೇ ಅವಳು ಕುರ್ಚಿ ಎಳೆದುಕೊಂಡು ಕೂತಳು. ಅವತ್ತು ಊಟ ತಣ್ಣಗಾಯಿತು.

ಹಳೆಯ ಲೆಕ್ಕದಲ್ಲಿ ಅಲ್ಲಿ ವರ್ಷಕ್ಕೆ ಎರಡೇ ಭಾಗ. ಮೇ 6ರಿಂದ 186 ದಿನ ಹಿಜಿರ್ ದಿನಗಳು, ಅಂದರೆ ಬೇಸಿಗೆ. ನವೆಂಬರ್ 8ರಿಂದ 179 ದಿನ ಕಾಸಿಮ್ ದಿನಗಳು, ಚಳಿಗಾಲ. ಕುರಿ ಕಾಯುವ ಆಳನ್ನು ಗೊತ್ತು ಮಾಡುವುದು, ಕೂಲಿ ಮಾತಾಡುವುದು ಈ ಎರಡು ದಿನಗಳನ್ನೇ ಹಿಡಿದು. ಮೇ 6ಕ್ಕೆ ಹಿಡಿರೆಲ್ಲೆಜ್ ಹಬ್ಬ. ಹಿಜಿರ್ ಮತ್ತು ಇಲ್ಯಾಸ್ ಎಂಬ ಇಬ್ಬರು ಪುಣ್ಯಪುರುಷರು ಅವತ್ತು ಭೂಮಿಯ ಮೇಲೆ ಸೇರುತ್ತಾರೆ ಅಂತ ನಂಬಿಕೆ. 2017ರಲ್ಲಿ ಯುನೆಸ್ಕೊ ಇದನ್ನು ತನ್ನ ಪರಂಪರೆ ಪಟ್ಟಿಗೆ ಸೇರಿಸಿತು.

ನನಗೆ ಬಹಳ ಇಷ್ಟವಾದದ್ದು ಶರತ್ಕಾಲದ ‘ಕೊಚ್ ಕತಿಮಿ’. ಟಗರನ್ನು ಮಂದೆಗೆ ಬಿಡುವ ಹಬ್ಬ. ಅಲ್ಲಿ ಟಗರುಗಳನ್ನು ಮೊದಲೇ ಬೇರೆ ಮಾಡಿ, ಒಳ್ಳೆಯ ಮೇವು ಹಾಕಿ ಕೊಬ್ಬಿಸುತ್ತಾರೆ. ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ಮದರಂಗಿ, ಬಣ್ಣ ಹಚ್ಚಿ, ಕೊಂಬಿಗೆ ಕರವಸ್ತ್ರ, ಕೆಲವು ಕಡೆ ಸೇಬು ಸಿಕ್ಕಿಸಿ, ಮದುಮಗನ ಹಾಗೆ ಮೆರೆಸುತ್ತಾ ತಂದು ಮಂದೆಗೆ ಬಿಡುತ್ತಾರೆ. ಬಿಡುವ ಮುಂಚೆ ಟಗರಿನ ಬೆನ್ನ ಮೇಲೆ ಪುಟ್ಟ ಹುಡುಗಿಯನ್ನು ಕೂರಿಸಿದರೆ ಹೆಣ್ಣು ಮರಿ ಜಾಸ್ತಿ ಹುಟ್ಟುತ್ತವೆ ಅಂತ ನಂಬಿಕೆ. ಆ ಸಿವಾಸ್ ಹೆಣ್ಣುಮಗಳೂ ನಾಲ್ಕು ವರ್ಷದವಳಿದ್ದಾಗ ಹಾಗೆ ಕೂತಿದ್ದಳಂತೆ. ನೋಡಿ, ಹೆಣ್ಣು ಬೇಕು ಅಂತ ಹೆಣ್ಣುಮಗುವನ್ನು ಹುಡುಕಿಕೊಂಡು ಬಂದು ಕೂರಿಸುತ್ತಾರೆ. ಕಾಯುವವನಿಗೆ ಅವತ್ತು ಕಾಲುಚೀಲ, ವಸ್ತ್ರ, ದುಡ್ಡು ಉಡುಗೊರೆ.

ಇದರ ಹಿಂದೆ ಲೆಕ್ಕ ಇದೆ. ಕುರಿ ಈಯುವುದು ಗಬ್ಬ ನಿಂತ ಸುಮಾರು 150 ದಿನಕ್ಕೆ. ನವೆಂಬರ್‌ನಲ್ಲಿ ಟಗರು ಬಿಟ್ಟರೆ ಏಪ್ರಿಲ್‌ನಲ್ಲಿ ಮರಿ. ಅಷ್ಟು ಹೊತ್ತಿಗೆ ಹಿಮ ಕರಗಿ ಹುಲ್ಲು ಚಿಗುರಿರುತ್ತದೆ, ತಾಯಿಗೆ ಹಾಲು ಇರುತ್ತದೆ. ತಿಂಗಳು ಮುಂಚೆ ಬಿಟ್ಟರೆ ಮರಿ ಹಿಮದಲ್ಲಿ ಬೀಳುತ್ತದೆ. ನಮ್ಮ ಕಡೆ ಅಷ್ಟು ಚಳಿ ಇಲ್ಲ, ಅದಕ್ಕೇ ನಮ್ಮಪ್ಪನ ಮಂದೆಯಲ್ಲಿ ಟಗರು ಯಾವಾಗಲೂ ಜೊತೆಗೇ ಇರುತ್ತಿತ್ತು.

ಟಗರು ಬಿಟ್ಟ ನೂರನೇ ದಿನಕ್ಕೆ ‘ಸಾಯಾ’. ಹೊಟ್ಟೆಯೊಳಗಿನ ಮರಿಗೆ ಅವತ್ತು ಕೂದಲು ಮೂಡುತ್ತದೆ, ಜೀವ ಮಿಸುಕುತ್ತದೆ ಅಂತ ಹೇಳುತ್ತಾರೆ. ಹೊರಗೆ ಮೊಣಕಾಲುದ್ದ ಹಿಮ. ಕುರಿ ಕಾಯುವವರೂ ಹುಡುಗರೂ ವೇಷ ಹಾಕಿ ಮನೆ ಮನೆಗೆ ಹೋಗುತ್ತಾರೆ. ಒಬ್ಬ ಮುದುಕನ ವೇಷ, ಒಬ್ಬ ಹೆಣ್ಣುವೇಷ. ಮುದುಕ ಸತ್ತು ಬೀಳುತ್ತಾನೆ, ಆಮೇಲೆ ಎದ್ದು ಕುಣಿಯುತ್ತಾನೆ. ಮನೆಯವರು ಹಿಟ್ಟು, ಬೆಣ್ಣೆ, ಗೋಧಿ ನುಚ್ಚು ಕೊಡುತ್ತಾರೆ. ಎಲ್ಲಾ ಸೇರಿಸಿ ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತಾರೆ. ಅಲ್ಲಿಂದ ಇನ್ನು ಐವತ್ತು ದಿನ. ಕಣಜದಲ್ಲಿ ಕಾಳು ಇಳಿದಿರುವ, ಮೇವು ಮುಗಿಯುತ್ತಾ ಬಂದಿರುವ ಹೊತ್ತಿನಲ್ಲಿ ‘ಇನ್ನು ಐವತ್ತೇ ದಿನ’ ಅಂತ ಊರಿಗೆಲ್ಲ ಹೇಳಿಬರುವುದು. ಇದಕ್ಕಿಂತ ಒಳ್ಳೆಯ ಪಂಚಾಂಗ ಇದೆಯಾ?

ಅವಳೇ ಇನ್ನೊಂದು ಕಥೆ ಹೇಳಿದಳು. ಅನಟೋಲಿಯ, ಅಂದರೆ ಟರ್ಕಿಯ ಏಷ್ಯಾ ಭಾಗದಲ್ಲಿ ಬಹಳ ಕಡೆ ಹೇಳುವ ಕಥೆ, ಹೆಸರು ‘ಕಪ್ಪು ಕುರಿ’. ಕುರಿ ಕಾಯುವವನೊಬ್ಬ ಧಣಿಯ ಮಗಳನ್ನು ಇಷ್ಟಪಡುತ್ತಾನೆ. ಧಣಿ ಒಂದು ಪಂಥ ಒಡ್ಡುತ್ತಾನೆ. ಕುರಿಗಳಿಗೆ ಮೂರು ದಿನ ಉಪ್ಪು ತಿನ್ನಿಸಿ ನೀರು ಕೊಡದೆ ಇಟ್ಟು, ಆಮೇಲೆ ಹೊಳೆಗೆ ಬಿಡುವುದು. ಒಂದು ಕುರಿಯೂ ನೀರಿಗೆ ಬಾಯಿ ಹಾಕದ ಹಾಗೆ ತಿರುಗಿಸಿ ತಂದರೆ ಮಗಳನ್ನು ಕೊಡುವೆ ಅಂತ. ಅವನ ಹತ್ತಿರ ಇದ್ದದ್ದು ಕಾವಲ್ ಅನ್ನುವ ಕೊಳಲು ಮಾತ್ರ. ಬಾಯಾರಿದ ಮಂದೆ ನೀರಿಗೆ ಓಡುತ್ತಿರುವಾಗ ಅವನು ಕೊಳಲು ಊದುತ್ತಾನೆ, ಮಂದೆ ನಿಂತು ತಿರುಗುತ್ತದೆ. ಹೊಳೆ ದಾಟಿಸುವವರೂ, ಹೊಳೆಯಿಂದ ತಿರುಗಿಸುವವನೂ ಕೇಳುತ್ತಿರುವ ಪ್ರಶ್ನೆ ಒಂದೇ ಅಲ್ವಾ?

ಇದೆಲ್ಲ ಎಷ್ಟು ದಿನ ಉಳಿಯುತ್ತದೆ? ಟರ್ಕಿಯಲ್ಲಿ ಇವತ್ತಿಗೂ ನಾಲ್ಕು ಕೋಟಿಗೂ ಹೆಚ್ಚು ಕುರಿಗಳಿವೆ. ಕಾಯುವವರು ಮಾತ್ರ ಸಿಗುತ್ತಿಲ್ಲ. ಹಳ್ಳಿ ಹುಡುಗರು ಪಟ್ಟಣಕ್ಕೆ ಹೋಗುತ್ತಾರೆ. ಕುರಿ ಕಾಯುತ್ತೇನೆ ಅಂದರೆ ಹೆಣ್ಣು ಸಿಗುವುದು ಕಷ್ಟ. ಈ ಮಾತು ನಮ್ಮ ಹಟ್ಟಿಯಲ್ಲೂ ಕೇಳಿದ್ದೇನೆ. ಅಲ್ಲಿನ ಸರ್ಕಾರ ಹಿಂಡು ನಿರ್ವಹಣೆ ಅಂತ ತರಬೇತಿ ಕೊಟ್ಟು ಸರ್ಟಿಫಿಕೇಟ್ ಕೊಡುತ್ತಿದೆ. ಆದರೂ ಎಷ್ಟೋ ಮಂದೆಗಳನ್ನು ಈಗ ಕಾಯುತ್ತಿರುವವರು ಅಫ್ಘಾನಿಸ್ತಾನದಿಂದ ವಲಸೆ ಬಂದ ಬಡ ಹುಡುಗರು. ಮನೆ ಬಿಟ್ಟು, ಭಾಷೆ ಬಾರದ ಬೆಟ್ಟದಲ್ಲಿ, ಬೇರೆಯವರ ಕುರಿ ಜೊತೆ ಚಳಿಗಾಲ ಕಳೆಯುತ್ತಾರೆ. ಅವರ ಚಿತ್ರವನ್ನು ಯಾರೂ ಕೊನೆಯ ಪುಟಕ್ಕೆ ಹಾಕುವುದಿಲ್ಲ.

2026ನೇ ವರ್ಷವನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಸಾರಿದೆ. ನಿಮ್ಮ ಪತ್ರಿಕೆಯ ಕೃಷಿ ಪುಟ ನಾನು ತಪ್ಪದೆ ಓದುತ್ತೇನೆ. ಅಲ್ಲಿ ಕುರಿಯ ತೂಕ ಬರುತ್ತದೆ, ಮಾಂಸದ ದರ ಬರುತ್ತದೆ. ಅದೂ ಬೇಕು. ಜೊತೆಗೆ ಮಂದೆಯ ಮುಂದೆ ನಡೆಯುವ ಮನುಷ್ಯನ ಬಗ್ಗೆಯೂ ಬರೆಯಿರಿ. ಅಶಾಗಿಸೆಯಿತ್‌ನವನಾಗಲಿ, ಹಿರಿಯೂರಿನ ದಾರಿಯಲ್ಲಿ ಹೊಲಕ್ಕೆ ಗೊಬ್ಬರವಾಗಲಿ ಅಂತ ಕುರಿ ನಿಲ್ಲಿಸಿ ರಾತ್ರಿಯೆಲ್ಲ ಎಚ್ಚರ ಇರುವವನಾಗಲಿ.

ಕೊನೆಯದಾಗಿ ಒಂದು ಬೇಡಿಕೆ. ನಿಮ್ಮ ಚಿತ್ರದ ಎಡಗಡೆ ಅಂಚನ್ನು ಭೂತಗನ್ನಡಿ ಹಿಡಿದು ನೋಡಿದೆ. ಅಲ್ಲಿ ನೀರು ಚಿಮ್ಮಿದೆ, ಚಿಮ್ಮಿದ ನೀರಿನಲ್ಲಿ ಒಂದು ಕೈ, ಮಣಿಕಟ್ಟಿನವರೆಗೆ. ಅದು ಕುರಿ ಕಾಯುವವನ ಕೈ. ಜಾಗ ಸಾಲದೆ ಅವನನ್ನು ಕತ್ತರಿಸಿರಬೇಕು. ಇಡೀ ಚಿತ್ರ ನಿಮ್ಮಲ್ಲಿ ಇದ್ದರೆ ದಯವಿಟ್ಟು ಇನ್ನೊಮ್ಮೆ ಹಾಕಿ. ಕೆಳಗಿನ ಸಾಲನ್ನೂ ಬದಲಿಸಿ. ಚಿತ್ರ ಇಲ್ಲದಿದ್ದರೆ ಮಗಳು ಮೊಬೈಲಿನಲ್ಲಿ ತೆಗೆದದ್ದನ್ನು ಇದರ ಜೊತೆ ಕಳಿಸಿದ್ದೇನೆ. ಸ್ವಲ್ಪ ಅಲುಗಾಡಿದೆ. ಆದರೆ ಅವನು ಮುಂದೆ ಇದ್ದಾನೆ, ಟಗರಿನ ಮೂಗು ಅವನ ಹೆಗಲಿಗೆ ತಾಗುತ್ತಿದೆ.

ಇಂತಿ,
ನಿವೃತ್ತ ಶಾಲಾ ಶಿಕ್ಷಕಿ,
ಚಳ್ಳಕೆರೆ ತಾಲ್ಲೂಕು